ಎರಡು ಕೆ.ಜಿ. ನಾಯಿಗೆ ಒಂದು ಸ್ವೆಟರ್

ಪ್ರಶ್ನೆ: ನಮ್ಮ ಹೆಣ್ಣು ಚಿವಾವಾ ತೂಗುವುದು 2 ಕೆ.ಜಿ. ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಸ್ವೆಟರ್ ಕೂಡ ಅದರ ಮೈಮೇಲೆ ಗೋಣಿಚೀಲದ ಹಾಗೆ ಜೋಲುತ್ತದೆ. ಸೀದಾ, ಉಲ್ಟಾ, ಬಾರ್ಡರ್ ಹಾಕುವಷ್ಟು ಹೆಣಿಗೆ ನನಗೆ ಬರುತ್ತದೆ. ಲೆಕ್ಕ ಕೊಡುತ್ತೀರಾ? – ಓದುಗರು, ಮಡಿಕೇರಿ

ಉತ್ತರ: ದೊಡ್ಡ ನಾಯಿಯ ಲೆಕ್ಕವನ್ನು ಅರ್ಧಕ್ಕಿಳಿಸಿ ಹೆಣೆಯಲು ಹೋಗಬೇಡಿ. ಲ್ಯಾಬ್ರಡಾರ್‌ನ ಎದೆಸುತ್ತಿನಲ್ಲಿ 2 ಸೆಂ.ಮೀ. ಹೆಚ್ಚುಕಮ್ಮಿಯಾದರೆ ಗೊತ್ತೇ ಆಗುವುದಿಲ್ಲ. ಇಲ್ಲಿ ಅಷ್ಟು ಕಡಿಮೆಯಾದರೆ ಸ್ವೆಟರ್ ಮೈಗೇ ಏರದು.

ನಾಯಿ ನಾಲ್ಕೂ ಕಾಲ ಮೇಲೆ ನಿಂತಿರುವಾಗ ಅಳೆಯಿರಿ. ಕೂತರೆ ಬೆನ್ನು ಬಾಗಿ ಅಳತೆ ತಪ್ಪುತ್ತದೆ. ಕುತ್ತಿಗೆಯ ಬುಡದ ಸುತ್ತು, ಮುಂಗಾಲ ಹಿಂದೆ ಎದೆಯ ಸುತ್ತು, ಕುತ್ತಿಗೆಯ ಬುಡದಿಂದ ಬಾಲದ ಬುಡದವರೆಗೆ ಬೆನ್ನು, ಮುಂಗಾಲುಗಳ ನಡುವಿನ ಅಗಲ, ಕಂಕುಳ ಹತ್ತಿರ ಕಾಲಿನ ಸುತ್ತು – ಇವಿಷ್ಟು ಬೇಕು. ಕೊನೆಯ ಎರಡನ್ನು ಬಹಳ ಜನ ಅಳೆಯುವುದೇ ಇಲ್ಲ, ಕೆಡುವುದೂ ಅಲ್ಲೇ. ಕೆಳಗಿನ ಲೆಕ್ಕ ಕ್ರಮವಾಗಿ 20, 32, 24, 6 ಮತ್ತು 10 ಸೆಂ.ಮೀ. ಇರುವ ನಾಯಿಗೆ.

ಮಧ್ಯಮ ದಪ್ಪದ ಉಲ್ಲನ್‌ನ 50 ಗ್ರಾಂ ಉಂಡೆ ಒಂದು ಸಾಕು, ಮಿಗುತ್ತದೆ ಕೂಡ. ಮೈಗೆ 8ನೇ ನಂಬರ್ ಕಡ್ಡಿ (4 ಮಿ.ಮೀ.), ಬಾರ್ಡರ್‌ಗೆ 10ನೇ ನಂಬರ್ (3.25 ಮಿ.ಮೀ.). ಮೊದಲು 30 ಕುಣಿಕೆಯ ಒಂದು ತುಂಡು ಹೆಣೆದು ನೋಡಿ. 10 ಸೆಂ.ಮೀ.ಗೆ 22 ಕುಣಿಕೆ, 30 ಸಾಲು ಬರಬೇಕು. 24 ಕುಣಿಕೆ ಬಂದರೆ ನಿಮ್ಮ ಕೈ ಬಿಗಿ, 7ನೇ ನಂಬರ್ ಹಿಡಿಯಿರಿ.

ಕತ್ತಿನಿಂದ ಶುರು. 46 ಕುಣಿಕೆ ಸಡಿಲವಾಗಿ ಹಾಕಿಕೊಂಡು, 10ನೇ ನಂಬರಿನಲ್ಲಿ ಒಂದು ಸೀದಾ ಒಂದು ಉಲ್ಟಾ ಬಾರ್ಡರ್ 5 ಸೆಂ.ಮೀ. ಹೆಣೆಯಿರಿ. ಕಡ್ಡಿ ಬದಲಿಸಿ ಸೀದಾ ಸಾಲು, ಉಲ್ಟಾ ಸಾಲು ಹೆಣೆಯುತ್ತ 8 ಸೀದಾ ಸಾಲುಗಳಲ್ಲಿ ತಲಾ 4 ಕುಣಿಕೆ ಹೆಚ್ಚಿಸಿ: ಎರಡು ಅಂಚಿನಿಂದ 3 ಕುಣಿಕೆ ಒಳಗೆ ಒಂದೊಂದು, ಬೆನ್ನ ನಡುವಿನ 16 ಕುಣಿಕೆಗಳ ಆಚೆ ಈಚೆ ಒಂದೊಂದು. 16 ಸಾಲು ಮುಗಿದಾಗ ಕಡ್ಡಿಯಲ್ಲಿ 78 ಇರುತ್ತವೆ.

ಈಗ ಕಾಲಿನ ಜಾಗ. 8 ಹೆಣೆದು 4 ಮುಚ್ಚಿ, 54 ಹೆಣೆದು 4 ಮುಚ್ಚಿ, ಉಳಿದ 8 ಹೆಣೆಯಿರಿ. ಮೂರು ಭಾಗವಾಯಿತು. ಒಂದೊಂದಕ್ಕೂ ಬೇರೆ ಎಳೆ ಸೇರಿಸಿ, ಆ ಸಾಲೂ ಸೇರಿ 12 ಸಾಲು ಹೆಣೆಯಿರಿ. 13ನೇ ಸಾಲಿನಲ್ಲಿ, ಮುಚ್ಚಿದ ಎರಡೂ ಕಡೆ 4 ಹೊಸ ಕುಣಿಕೆ ಹಾಕಿ ಒಂದುಗೂಡಿಸಿ. ಮತ್ತೆ 78.

ಹೀಗೆ 14 ಸಾಲು ಹೋಗಿ, ಮುಂದಿನ ಎರಡು ಸಾಲುಗಳ ಮೊದಲಲ್ಲಿ 12–12 ಮುಚ್ಚಿದರೆ ಹೊಟ್ಟೆಯ ಭಾಗ ಮುಗಿದು ಬೆನ್ನಿನ 54 ಉಳಿಯುತ್ತವೆ. ಗಂಡುನಾಯಿಯಾದರೆ ಹೊಟ್ಟೆಯ ಭಾಗ ಮೂತ್ರದ ಜಾಗಕ್ಕಿಂತ 3 ಸೆಂ.ಮೀ. ಮುಂಚೆಯೇ ನಿಲ್ಲಬೇಕು, ಇಲ್ಲದಿದ್ದರೆ ದಿನಾ ಒಗೆಯುವ ಕೆಲಸ. ಇಲ್ಲಿಂದ ಎರಡೂ ಅಂಚಿನ 3 ಕುಣಿಕೆಗಳನ್ನು ಎಲ್ಲ ಸಾಲಲ್ಲೂ ಸೀದಾನೇ ಹಾಕಿ, ಅಂಚು ಸುರುಳಿ ಸುತ್ತುವುದಿಲ್ಲ. ಅವುಗಳ ಒಳಪಕ್ಕದಲ್ಲಿ 6 ಸೀದಾ ಸಾಲುಗಳಲ್ಲಿ ಒಂದೊಂದು ಇಳಿಸಿದರೆ 42. ಇನ್ನು 4 ಸಾಲು, ಆಮೇಲೆ 10ನೇ ನಂಬರಿನಲ್ಲಿ 6 ಸಾಲು ಬಾರ್ಡರ್, ಸಡಿಲವಾಗಿ ಮುಚ್ಚಿ. ಬಾಲದ ಬುಡಕ್ಕೆ 2 ಸೆಂ.ಮೀ. ಇರುವಂತೆ ನಿಲ್ಲುತ್ತದೆ.

ಹೊಟ್ಟೆಯ ಕೆಳಗೆ, ಕತ್ತಿನಿಂದ ಹಿಡಿದು ಹೊಲಿಯಿರಿ. ಕಾಲಿನ ತೂತಿನ ಸುತ್ತ 26 ಕುಣಿಕೆ ಎತ್ತಿಕೊಂಡು, ಎರಡೂ ತುದಿ ಚೂಪಿರುವ ನಾಲ್ಕು ಕಡ್ಡಿಗಳಲ್ಲಿ 4 ಸಾಲು ಬಾರ್ಡರ್ ಮಾಡಿ. ಚೆಂದ ಕಾಣಲೆಂದು ಉದ್ದ ತೋಳು ಇಡಬೇಡಿ. ಕಂಕುಳಲ್ಲಿ ಮುದುಡಿಕೊಂಡು ಚರ್ಮ ಉಜ್ಜುತ್ತದೆ.

ಪ್ರಶ್ನೆ: ಸ್ವೆಟರ್ ಮೈಗೆ ಸರಿಯಾಗಿದೆ, ಆದರೆ ತಲೆಯೇ ತೂರುತ್ತಿಲ್ಲ. ಪೂರ್ತಿ ಬಿಚ್ಚಬೇಕೇ? – ಓದುಗರು, ಧಾರವಾಡ

ಉತ್ತರ: ಬೇಡ. ಚಿವಾವಾ ತಲೆ ದುಂಡಗೆ, ಕುತ್ತಿಗೆಗಿಂತ ದಪ್ಪ. ಬಾರ್ಡರ್ ಹಿಗ್ಗಿದರೂ ಮೊದಲ ಸಾಲಿನ ಅಂಚು ಹಿಗ್ಗದೆ ಹಗ್ಗದ ಹಾಗೆ ನಿಂತುಬಿಟ್ಟಿರುತ್ತದೆ. ಅಂಚಿನ ಕೆಳಗಿನ ಸಾಲಿನ ಎಲ್ಲ ಕುಣಿಕೆಗಳನ್ನು ಸಣ್ಣ ಕಡ್ಡಿಗೆ ಎತ್ತಿಕೊಳ್ಳಿ. ಅದರಾಚೆಯ ಎಳೆಯನ್ನು ಒಂದು ಕಡೆ ಕತ್ತರಿಸಿ, ಸೂಜಿಯ ತುದಿಯಿಂದ ಕುಣಿಕೆ ಕುಣಿಕೆಯಾಗಿ ಅಂಚನ್ನು ಬಿಡಿಸಿ ತೆಗೆಯಿರಿ. ಕಡ್ಡಿಯಲ್ಲಿ ಉಳಿದವನ್ನು ಹೊಸ ಎಳೆಯಿಂದ 7ನೇ ನಂಬರಿನಲ್ಲಿ ಸಡಿಲವಾಗಿ ಮುಚ್ಚಿ. ಮುಂದಿನ ಸಲ ಎರಡು ಕಡ್ಡಿ ಜೋಡಿಸಿ ಹಿಡಿದು ಕುಣಿಕೆ ಹಾಕಿ.

ಪ್ರಶ್ನೆ: ಸ್ವೆಟರ್ ಹಾಕಿದೊಡನೆ ನಮ್ಮ ನಾಯಿ ಮರದ ಬೊಂಬೆಯಂತೆ ನಿಂತುಬಿಡುತ್ತದೆ. ನಾಚಿಕೆಯೇ? – ಓದುಗರು, ಮೈಸೂರು

ಉತ್ತರ: ಮೊದಲ ದಿನ ಹತ್ತು ನಿಮಿಷ ಹಾಗೆ ನಿಂತರೆ ಅಭ್ಯಾಸದ ಮಾತು. ಮೂರನೇ ದಿನವೂ ಹಾಗೇ ಇದ್ದರೆ ತಪ್ಪು ಸ್ವೆಟರಿನದು. ಮುಂಗಾಲು ಮುಂದಕ್ಕೆ ಚಾಚಿಸಿ ನೋಡಿ. ಕಂಕುಳಲ್ಲಿ ಬಟ್ಟೆ ಬಿಗಿದರೆ ಕಾಲಿನ ತೂತು ಗಿಡ್ಡ, 12ರ ಬದಲು 16 ಸಾಲು ಬೇಕು. ಎದೆಯ ನಡುವೆ ಬಟ್ಟೆ ಮಡಚಿ ಕಾಲುಗಳು ಹೊರಕ್ಕೆ ತಳ್ಳಿದಂತಿದ್ದರೆ ಕಾಲುಗಳ ನಡುವೆ ಕುಣಿಕೆ ಹೆಚ್ಚಾಗಿವೆ. ಈ ಗಾತ್ರದಲ್ಲಿ ಎರಡು ಕುಣಿಕೆ ಅಂದರೆ ಹೆಚ್ಚುಕಡಿಮೆ 1 ಸೆಂ.ಮೀ. ಅಲ್ಲೇ ನಡಿಗೆ ಬದಲಾಗುತ್ತದೆ.

ಪ್ರಶ್ನೆ: ಪೊಮೆರೇನಿಯನ್‌ಗೂ ಇದೇ ಲೆಕ್ಕವೇ? – ಓದುಗರು, ಬೆಂಗಳೂರು

ಉತ್ತರ: ಅದಕ್ಕೆ ದೇವರೇ ಎರಡು ಪದರ ಕೊಟ್ಟಿದ್ದಾನೆ. ಬೆಂಗಳೂರಿನ ಚಳಿಗೆ ಬೇಡ. ಸ್ವೆಟರಿನಡಿ ಕೂದಲು ಸಿಕ್ಕುಗಟ್ಟುವುದೇ ಲಾಭ. ಕಾಯಿಲೆಗೋ ಶಸ್ತ್ರಚಿಕಿತ್ಸೆಗೋ ಕೂದಲು ಬೋಳಿಸಿದ್ದರೆ ಮಾತ್ರ ಹೆಣೆಯಿರಿ.

ಪ್ರಶ್ನೆ: ಯಾವ ಉಲ್ಲನ್ ಒಳ್ಳೆಯದು? ಬೆನ್ನಿಗೆ ಗುಂಡಿ ಇಡಬಹುದೇ? ಬೆಲ್ಟ್ ಎಲ್ಲಿ ಕಟ್ಟುವುದು? – ಓದುಗರು, ಸಕಲೇಶಪುರ

ಉತ್ತರ: ಮನೆಯಲ್ಲಿ ಒಗೆಯುವುದಾದರೆ ಅಕ್ರಿಲಿಕ್. ಇಸ್ತ್ರಿ ಮಾತ್ರ ತಾಗಿಸಬೇಡಿ, ಎಳೆ ಕರಗಿ ಜೋಲುಬೀಳುತ್ತದೆ. ಅಸಲಿ ಉಣ್ಣೆ ಹೆಚ್ಚು ಬೆಚ್ಚಗಿದ್ದರೂ ಬಿಸಿನೀರು, ಮೆಷಿನ್ ಎರಡೂ ಸೇರಿದರೆ ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ನಯವಾದ ರೋಮ ಎದ್ದಿರುವ ಫ್ಯಾನ್ಸಿ ಉಲ್ಲನ್ ಬೇಡ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ.

ಗುಂಡಿ, ಮಣಿ, ಗೊಂಡೆ ಯಾವುದೂ ಬೇಡ. ಎಳೆಯ ತುದಿಗಳನ್ನು 5 ಸೆಂ.ಮೀ.ನಷ್ಟು ಒಳಬದಿಯಲ್ಲಿ ಹೆಣೆದು ಮುಗಿಸಿ. ನುಂಗಿದ ಉದ್ದ ಎಳೆ ಕರುಳನ್ನು ನೆರಿಗೆಗಟ್ಟಿಸಿ ಕೊಯ್ಯಬಲ್ಲದು. ಆದ್ದರಿಂದ ಸ್ವೆಟರ್ ತೊಡಿಸಿ ನಾಯಿಯನ್ನು ಒಂಟಿಯಾಗಿ ಬಿಡಬೇಡಿ.

ಬೆಲ್ಟನ್ನು ಕುತ್ತಿಗೆಗೆ ಕಟ್ಟುವುದು ಇಂಥ ಪುಟ್ಟ ತಳಿಗಳಿಗೆ ಒಳ್ಳೆಯದಲ್ಲ, ಅವುಗಳ ಶ್ವಾಸನಾಳ ಸೂಕ್ಷ್ಮ. ಒಳಗೆ ಎದೆಪಟ್ಟಿ ತೊಡಿಸಿ, ಅದರ ಕೊಂಡಿ ಬರುವ ಕಡೆ ಬೆನ್ನ ನಡುವೆ 4 ಕುಣಿಕೆ ಮುಚ್ಚಿ, ಮುಂದಿನ ಸಾಲಿನಲ್ಲಿ 4 ಹಾಕಿ. ನಿಮ್ಮ ಕಡೆಯ ಜಿಟಿಜಿಟಿ ಮಳೆಯಲ್ಲಿ ನೆನೆದು ಬಂದರೆ ತಕ್ಷಣ ಬಿಚ್ಚಿ ಮೈ ಒರೆಸಿ. ಒದ್ದೆ ಸ್ವೆಟರಿಗಿಂತ ಬರಿಮೈಯೇ ಬೆಚ್ಚಗೆ.