ಬೀಗ ಹಾಕಿ, ಕೀಲಿ ಯಾರಿಗೆ ಕೊಡುತ್ತೀರಿ?

ವಿಜ್ಞಾನದ ಪಾಠಗಳನ್ನು ಬರೆದು ಅಂತರ್ಜಾಲದಲ್ಲಿ ಪುಕ್ಕಟೆ ಹಂಚುವ ಓದುಗರೊಬ್ಬರ ಪತ್ರ: ‘ನಾನು ಕಷ್ಟಪಟ್ಟು ಬರೆದದ್ದನ್ನು ಯಾರ್ಯಾರೋ ಎತ್ತಿಕೊಂಡು ಜಾಹೀರಾತಿನ ದುಡ್ಡು ಎಣಿಸುತ್ತಾರೆ. ಈಗ ಕೃತಕ ಬುದ್ಧಿಮತ್ತೆಯ ಕಂಪನಿಗಳೂ ಬಂದಿವೆ. ಮುಕ್ತ ಹಂಚಿಕೆ ಸಾಕಾಗಿದೆ. ಇನ್ನು ಎಲ್ಲವನ್ನೂ ಫೇಸ್‌ಬುಕ್ಕಿನ ಖಾಸಗಿ ಗುಂಪಿನಲ್ಲಿಡುತ್ತೇನೆ. ಸರಿಯಲ್ಲವೇ?’

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಬೀಗ ಹಾಕಿ ಕೀಲಿಯನ್ನು ಕಂಪನಿಯ ಕೈಗೇ ಕೊಡುತ್ತೀರಲ್ಲ, ನನ್ನ ತಕರಾರು ಅದಕ್ಕೆ.

ಜಿಯೋಸಿಟೀಸ್ ನೆನಪಿದೆಯೇ? ಲಕ್ಷಾಂತರ ಜನ ಆ ತಾಣದಲ್ಲಿ ತಮ್ಮ ವೆಬ್ ಪುಟಗಳನ್ನು ಕಟ್ಟಿಕೊಂಡಿದ್ದರು. 1999ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇವೆಗೆ ಬಾಗಿಲು ಹಾಕಿತು. ಇವತ್ತು ಆ ಪುಟಗಳು ಒಂದಷ್ಟಾದರೂ ಓದಲು ಸಿಗುತ್ತಿದ್ದರೆ, ಹಳೆಯ ವೆಬ್ ಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನವರೂ ಕೆಲವು ಸ್ವಯಂಸೇವಕರೂ ಬರೆದವರ ಅಪ್ಪಣೆಗೆ ಕಾಯದೆ ನಕಲು ಮಾಡಿಟ್ಟುಕೊಂಡದ್ದರಿಂದ. ನೀವು ಹೆದರುವ ಆ ನಕಲೇ!

ವೆಬ್ ಗೆದ್ದದ್ದೂ ಹೀಗೆ ಬಯಲಿಗೆ ಬಿಟ್ಟದ್ದರಿಂದಲೇ. 1993ರಲ್ಲಿ ಅದಕ್ಕೆ ಗೋಫರ್ ಎಂಬ ಬಲವಾದ ಪ್ರತಿಸ್ಪರ್ಧಿ ಇತ್ತು; ಅಂತರ್ಜಾಲದಲ್ಲಿ ಮಾಹಿತಿ ಹುಡುಕಿ ಓದುವ ಇನ್ನೊಂದು ವ್ಯವಸ್ಥೆ ಅದು. ಅದನ್ನು ರೂಪಿಸಿದ್ದ ಮಿನೆಸೋಟ ವಿಶ್ವವಿದ್ಯಾಲಯ ಕೆಲವರಿಂದ ಲೈಸೆನ್ಸ್ ಶುಲ್ಕ ಕೇಳುತ್ತೇವೆ ಎಂದದ್ದೇ ತಡ, ಜನ ಹಿಂದೇಟು ಹಾಕಿದರು. ಅದೇ ವರ್ಷ ಏಪ್ರಿಲ್ 30ರಂದು, ವೆಬ್ ಹುಟ್ಟಿದ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್, ವೆಬ್‌ನ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಇಂದಿನ ದೈತ್ಯ ಕಂಪನಿಗಳವರು ಬೆಳೆದದ್ದು ಆ ಬಯಲಿನಲ್ಲೇ. ಬೆಳೆದ ಮೇಲೆ ಬೇಲಿ ಹಾಕಿಕೊಂಡರು, ಆ ಮಾತು ಬೇರೆ.

ಹಾಗಂತ ಸುಮ್ಮನೆ ಕೊಟ್ಟುಬಿಡಿ ಎನ್ನುತ್ತಿಲ್ಲ. ಮುಕ್ತ ಹಂಚಿಕೆಗೆಂದೇ ಸಿದ್ಧ ಪರವಾನಗಿಗಳನ್ನು ರೂಪಿಸಿರುವ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ‘ಬೈ-ಎಸ್ಎ’ ಪರವಾನಗಿ ಹಾಕಿ. ಬಳಸುವವರು ನಿಮ್ಮ ಹೆಸರು ಹೇಳಬೇಕು; ತಿದ್ದಿ ಪ್ರಕಟಿಸಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು. ವಿಕಿಪೀಡಿಯ ನಡೆಯುವುದೂ ಇದರ ಮೇಲೆಯೇ. ‘ವಾಣಿಜ್ಯ ಬಳಕೆ ಬೇಡ’ ಎಂಬ ಷರತ್ತೂ ಉಂಟು, ನಾನಾದರೆ ಹಾಕುವುದಿಲ್ಲ. ಅದನ್ನು ಹಾಕಿದರೆ ನಿಮ್ಮ ಪಾಠವನ್ನು ವಿಕಿಪೀಡಿಯಕ್ಕೆ ಸೇರಿಸಲಾಗದು. ಅಚ್ಚಿನ ಖರ್ಚು ಹುಟ್ಟಿದರೆ ಸಾಕು ಎನ್ನುವ ಸಣ್ಣ ಪ್ರಕಾಶಕನೂ ಹಿಂಜರಿಯುತ್ತಾನೆ.

ಕೃತಕ ಬುದ್ಧಿಮತ್ತೆಯ ಕಂಪನಿಗಳನ್ನು ಈ ಪರವಾನಗಿಯೊಂದೇ ತಡೆಯದು. ಪುಟಗಳನ್ನು ತಾನಾಗಿ ಓದಿ ಒಯ್ಯುವ ತಂತ್ರಾಂಶಗಳಿಗೆಂದೇ ಇರುವ ತಾಣದ ‘ರೋಬಾಟ್ಸ್’ ಕಡತದಲ್ಲಿ ‘ಒಳಗೆ ಬರಬೇಡಿ’ ಎಂದು ಬರೆದಿಡಬಹುದು. ಅದು ವಿನಂತಿಯಷ್ಟೇ, ಮರ್ಯಾದೆ ಇದ್ದವರು ಪಾಲಿಸುತ್ತಾರೆ. ಆದರೆ ಖಾಸಗಿ ಗುಂಪಿನೊಳಗೆ ಕೂತರೆ ಬಚಾವಾದಿರಿ ಎಂದುಕೊಳ್ಳಬೇಡಿ. ಖಾತೆ ತೆರೆಯುವಾಗ ಓದದೆ ಒಪ್ಪಿಗೆ ಒತ್ತಿದ್ದೀರಲ್ಲ, ನೀವು ಹಾಕಿದ್ದನ್ನು ಬಳಸಿಕೊಳ್ಳುವ ಅನುಮತಿಯನ್ನು ಕಂಪನಿ ಅಲ್ಲೇ ಪಡೆದುಕೊಂಡಿರುತ್ತದೆ. ಮೂಲ ಪ್ರತಿ ನಿಮ್ಮದೇ ವಿಳಾಸದ ತಾಣದಲ್ಲಿರಲಿ, ಗುಂಪಿಗೆ ಅದರ ಕೊಂಡಿ ಹಾಕಿ.