ಕ್ಯಾಥೋಲಿಕ್ ಅಂದರೆ ಎಲ್ಲರಿಗೂ ಸೇರಿದ್ದು ಅಂತಾದರೆ, ಅದು ಒಂದೇ ಪಂಗಡದ ಹೆಸರು ಆಗಿದ್ದು ಹೇಗೆ?

ನಾನು ಹೊನ್ನಾವರದ ಕ್ಯಾಥೋಲಿಕ್ ಮನೆಯವಳು. ಭಾನುವಾರದ ಪೂಜೆಯಲ್ಲಿ 'ಪವಿತ್ರ ಕಥೋಲಿಕ ಧರ್ಮಸಭೆಯನ್ನು ನಂಬುತ್ತೇನೆ' ಅಂತ ಕೊಂಕಣಿಯಲ್ಲಿ ಹೇಳುತ್ತಲೇ ಬೆಳೆದೆ. ಅದು ನಮ್ಮ ಜಾತಿಯ ಹೆಸರು ಅಂತಲೇ ಬಹಳ ವರ್ಷ ತಿಳಿದಿದ್ದೆ.

ಗ್ರೀಕ್‌ನಲ್ಲಿ 'ಕಥೋಲಿಕೋಸ್' ಅಂದರೆ ಇಡಿಯಾದದ್ದು. ಕ್ರಿ.ಶ. 110ರ ಆಸುಪಾಸಿನಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಸ್ಮುರ್ನ ಪಟ್ಟಣದ ಕ್ರೈಸ್ತರಿಗೆ ಬರೆದ ಕಾಗದದಲ್ಲಿ, ಕ್ರಿಸ್ತ ಇದ್ದಲ್ಲಿ ಕಥೋಲಿಕ ಸಭೆ ಇದೆ ಅಂದರು. ಆಗ ಕ್ರೈಸ್ತರು ಎಷ್ಟಿದ್ದರು ಹೇಳಿ? ಯಾರದೋ ಮನೆಯಲ್ಲಿ ಸೇರುತ್ತಿದ್ದ ನಾಲ್ಕು ಜನ. ಅಂದರೆ ಆ ಪದಕ್ಕೂ ಜನಸಂಖ್ಯೆಗೂ ಸಂಬಂಧವೇ ಇಲ್ಲ. ನಾಲ್ಕೇ ಜನ ಇದ್ದರೂ ಅಲ್ಲಿರುವುದು ತುಂಡಲ್ಲ, ಇಡೀ ಸಭೆ. ನನಗೆ ತುಂಬಾ ಹಿಡಿಸಿದ ಮಾತು ಇದು.

ಪಂಗಡದ ಹೆಸರಾಗಿದ್ದು ಆಮೇಲೆ. 1054ರಲ್ಲಿ ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರು ಬೇರೆಯಾದರು, 16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟರು. ಪೋಪ್ ಜೊತೆ ಉಳಿದವರಿಗೆ ಈ ಹೆಸರು ಅಂಟಿಕೊಂಡಿತು. ಅವರೊಳಗೂ ಎಲ್ಲರದ್ದು ಒಂದೇ ಪದ್ಧತಿ ಅಲ್ಲ. ಕೇರಳದ ಸಿರೋ ಮಲಬಾರ್ ಸಭೆಯೂ ಸೇರಿ ಒಟ್ಟು 24 ಸಭೆಗಳಿವೆ.

ಇಡೀ ಸಭೆ ಅನ್ನುವ ಆ ಮಾತು ನನ್ನ ಮನಸ್ಸಿಗೆ ಇಳಿದದ್ದು ಹಳಿಯಾಳದ ಕಡೆ, ಸಿದ್ದಿಗಳ ಊರಿನ ಪೂಜೆಯಲ್ಲಿ. ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದರು. ಅವರ ಕೊಂಕಣಿ ನಮ್ಮದರ ಹಾಗಿಲ್ಲ, ಅರ್ಧ ಮಾತು ನನಗೆ ತಿಳಿಯಲಿಲ್ಲ. ಆದರೆ ಪಾದ್ರಿಗಳು ರೊಟ್ಟಿ ಎತ್ತಿ ಮುರಿದಾಗ ಚಟ್ ಅಂತ ಸಣ್ಣ ಸದ್ದು ಬಂತು. ನಮ್ಮ ಇಗರ್ಜಿಯಲ್ಲಿ ಕೇಳುವ ಅದೇ ಸದ್ದು. ಮುಂದಿನ ಬೆಂಚಿನಲ್ಲಿದ್ದ ಅಜ್ಜಿ ತಲೆ ಬಗ್ಗಿಸಿದರು, ನಾನೂ ಬಗ್ಗಿಸಿದೆ. ಕಣ್ಣು ತುಂಬಿ ಬಂತು.

ಹಾಗಂತ ಎಲ್ಲರಿಗೂ ಸೇರಿದ್ದಾ ಅನ್ನುವ ಮೊದಲಿನ ಪ್ರಶ್ನೆಯ ಮುಳ್ಳು ಹೋಗಲಿಲ್ಲ, ಅಲ್ವಾ? ನನ್ನ ಪಕ್ಕದ ಮನೆಯ ಗೆಳತಿ ಹಿಂದೂ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬಕ್ಕೆ, ಜೊತೆಗೆ ಬರುತ್ತಾಳೆ. ಪರಮಪ್ರಸಾದಕ್ಕೆ, ಅಂದರೆ ಆ ರೊಟ್ಟಿ ತೆಗೆದುಕೊಳ್ಳಲು, ನಾವೆಲ್ಲ ಎದ್ದು ಸಾಲು ನಿಂತಾಗ ಅವಳು ಬೆಂಚಿನಲ್ಲೇ ಕೂತಿರುತ್ತಾಳೆ. ಆ ನಿಯಮಕ್ಕೆ ಕಾರಣ ಇದೆ, ಅದು ವಿಶ್ವಾಸ ಒಪ್ಪಿದವರ ಊಟ. ನಾನು ಅದನ್ನು ಒಪ್ಪುತ್ತೇನೆ. ಆದರೂ ಅವಳನ್ನು ಬಿಟ್ಟು ಏಳುವಾಗ ಪ್ರತಿ ಸಲವೂ ಎದೆಯಲ್ಲಿ ಏನೋ ಚುಚ್ಚುತ್ತದೆ.

ಪೂಜೆ ಮುಗಿದ ಮೇಲೆ ಆಶೀರ್ವಾದ ಮಾಡಿದ ಹೊಸ ಭತ್ತದ ತೆನೆ ಹಂಚುತ್ತಾರೆ. ಅವಳೂ ಕೈ ಒಡ್ಡುತ್ತಾಳೆ. ಅವಳ ಮನೆಯ ಬಾಗಿಲಲ್ಲಿ ಅವರ ಹೊಸ ಬೆಳೆಯ ಹಬ್ಬವಾದ ಹೊಸ್ತಿನ ತೆನೆಯ ಪಕ್ಕದಲ್ಲೇ ಅದನ್ನೂ ಕಟ್ಟಿರುತ್ತಾರೆ.