ಡ್ಯಾಶ್‌ಬೋರ್ಡಿಗೆ ನೀಲಿಯೋ, ಕೆಂಪೋ?

ಪ್ರಶ್ನೆ: ನನಗೆ 54 ವರ್ಷ. ವಾರಕ್ಕೊಮ್ಮೆಯಾದರೂ ರಾತ್ರಿ ಶಿರಾಡಿ ಘಾಟಿಯಲ್ಲಿ ಸಕಲೇಶಪುರದಿಂದ ಮಂಗಳೂರಿಗೆ ಕಾರು ಓಡಿಸುತ್ತೇನೆ. ಹಳೆಯ ಕಾರು, ಮೀಟರ್ ಬಲ್ಬುಗಳು ಮಂಕಾಗಿವೆ. ಎಲ್‌ಇಡಿ ಹಾಕಿಸಲು ಹೋದರೆ ಎಲೆಕ್ಟ್ರಿಷಿಯನ್ ನೀಲಿಯನ್ನೇ ಹಾಕಿಸಿ ಎನ್ನುತ್ತಾರೆ. ವಿಮಾನದಲ್ಲಿ ಕೆಂಪು ದೀಪ ಇರುತ್ತಿತ್ತು, ಅದೇ ಸರಿ ಎಂದು ಮಗನ ವಾದ. ಯಾರ ಮಾತು ಕೇಳಲಿ?

ಉತ್ತರ: ನೀಲಿ ಬೇಡ. ಅಂಗಡಿಯ ಮುಂದೆ ನೋಡಲು ಚಂದ, ಘಾಟಿಯ ಕತ್ತಲಲ್ಲಿ ಕಾಟ. ಮಬ್ಬುಗತ್ತಲಲ್ಲಿ ನಮಗೆ ದಾರಿ ತೋರಿಸುವ ಅಕ್ಷಿಪಟಲದ ರಾಡ್ ಕೋಶಗಳು ಅತಿ ಹೆಚ್ಚು ಸ್ಪಂದಿಸುವುದು ಸುಮಾರು 500 ನ್ಯಾನೊಮೀಟರ್ ಆಸುಪಾಸಿನ ನೀಲಿ-ಹಸಿರು ಬೆಳಕಿಗೆ. ಅದೇ ಬೆಳಕು ಮೂಗಿನ ಮುಂದೆ ಪ್ರಖರವಾಗಿ ಉರಿಯುತ್ತಿದ್ದರೆ ಕತ್ತಲಿಗೆ ಒಗ್ಗಿದ ಕಣ್ಣು ಮತ್ತೆ ಮಂದವಾಗುತ್ತದೆ. ಹೀಗೆ ಪೂರ್ತಿ ಕಳೆದುಕೊಂಡದ್ದು ಮರಳಲು ಅರ್ಧ ಗಂಟೆಯಷ್ಟು ಹಿಡಿಯುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರದಲ್ಲಿ ಬೆಳಕು ಹೆಚ್ಚು ಚೆದರುವುದರಿಂದ ನೀಲಿ ಅಂಕಿಗಳ ಸುತ್ತ ಮಂಜು ಕವಿದಂತೆಯೂ ಕಾಣುತ್ತದೆ.

ಮಗನ ಮಾತನ್ನು ತಳ್ಳಿಹಾಕುವಂತಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ, ಜಲಾಂತರ್ಗಾಮಿಗಳಲ್ಲಿ ಕೆಂಪು ದೀಪ ಉರಿಸಿದ್ದು ಕಡುಗೆಂಪು ಬೆಳಕು ರಾಡ್ ಕೋಶಗಳನ್ನು ಹೆಚ್ಚು ಕೆಣಕುವುದಿಲ್ಲವೆಂದೇ. ಆದರೆ ಹೆಡ್‌ಲೈಟ್ ಹಾಕಿಕೊಂಡು, ಎದುರು ಬರುವ ಟ್ಯಾಂಕರುಗಳ ಹೈಬೀಮಿಗೆ ಕಣ್ಣು ಕಿರಿದುಗೊಳಿಸುತ್ತ ಓಡಿಸುವ ನಿಮಗೆ ಅಂಥ ಗಾಢ ಕತ್ತಲು ಸಿಗುವುದೇ ಇಲ್ಲ. ಚಾಳೀಸು ಬಂದ ಕಣ್ಣಿಗೆ ಹತ್ತಿರದ ಕೆಂಪು ಅಕ್ಷರಗಳ ಮೇಲೆ ದೃಷ್ಟಿ ನೆಡುವುದು ಕಷ್ಟ. ಜೊತೆಗೆ ಬ್ರೇಕ್, ಆಯಿಲ್ ಎಚ್ಚರಿಕೆಯ ದೀಪಗಳೂ ಕೆಂಪೇ. ಇಡೀ ಮೀಟರ್ ಕೆಂಪಾದರೆ ಅವು ಅದರಲ್ಲೇ ಕರಗಿಹೋಗುತ್ತವೆ.

ನನ್ನ ಆಯ್ಕೆ ಕಿತ್ತಳೆ ಬೆರೆತ ಹಳದಿ. ಬಿಎಂಡಬ್ಲ್ಯು ಕಾರುಗಳಲ್ಲಿ ದಶಕಗಳ ಕಾಲ ಇದ್ದದ್ದು ಅದೇ ಛಾಯೆ. ಸಿಗದಿದ್ದರೆ ಹಳೆಯ ಬಲ್ಬಿನಂಥ ಬೆಚ್ಚನೆಯ ಬಿಳಿಯೂ ಆದೀತು. ಆದರೆ ಕೊಳ್ಳುವ ಮೊದಲು ಮೀಟರ್ ಬಿಚ್ಚಿಸಿ ನೋಡಿ. ಅನೇಕ ಹಳೆಯ ಕಾರುಗಳಲ್ಲಿ ಬಲ್ಬಿನ ಮೇಲೆ ಹಸಿರು ರಬ್ಬರ್ ಟೊಪ್ಪಿಗೆಯೋ ಅಂಕಿಗಳ ಹಿಂದೆ ಬಣ್ಣದ ಹಾಳೆಯೋ ಇರುತ್ತದೆ. ಅದನ್ನು ತೆಗೆಯದೆ ಬೇರೆ ಬಣ್ಣದ ಎಲ್‌ಇಡಿ ಹಾಕಿದರೆ ಕೊಳೆಬಣ್ಣದ ಮಂಕು ಬೆಳಕಿಗೆ ದುಡ್ಡು ಕೊಟ್ಟಂತೆ.

ಇಷ್ಟೆಲ್ಲ ಹೇಳಿದರೂ ನಿಮ್ಮಿಬ್ಬರು ಸಲಹೆಗಾರರೂ ಮರೆತದ್ದು ಬೆಳಕಿನ ಪ್ರಮಾಣವನ್ನು. ಯಾವ ಬಣ್ಣವಾದರೂ ಪ್ರಖರವಾಗಿದ್ದರೆ ಕೆಟ್ಟದ್ದೇ. ವಿಮಾನ ತಯಾರಿಸುತ್ತಿದ್ದ ಸ್ವೀಡನ್ನಿನ ಸಾಬ್ 1990ರ ದಶಕದ ತನ್ನ ಕಾರುಗಳಲ್ಲಿ ಒಂದು ಗುಂಡಿ ಇಟ್ಟಿತ್ತು: ಒತ್ತಿದರೆ ಸ್ಪೀಡೋಮೀಟರ್ ಬಿಟ್ಟು ಉಳಿದ ಮೀಟರುಗಳೆಲ್ಲ ಕತ್ತಲಾಗುತ್ತಿದ್ದವು, ತೊಂದರೆಯಾದಾಗ ಮಾತ್ರ ಬೇಕಾದದ್ದು ಬೆಳಗುತ್ತಿತ್ತು. ಎಂಥ ಒಳ್ಳೆಯ ಯೋಚನೆ! ಈಗಿನವರು ಕಾರಿನೊಳಗೆ ಟಿವಿಯಷ್ಟು ದೊಡ್ಡ ಪರದೆ ಕೂರಿಸುತ್ತಿದ್ದಾರೆ.

ನಿಮ್ಮ ಕಾರಿನಲ್ಲಿ ಮೀಟರ್ ಬೆಳಕು ತಗ್ಗಿಸುವ ಪುಟ್ಟ ಚಕ್ರವಿದ್ದರೆ, ಎಲ್‌ಇಡಿ ಹಾಕಿಸಿದ ಮೇಲೆ ಅಂಗಡಿಯಲ್ಲೇ ಅದನ್ನು ತಿರುಗಿಸಿ ನೋಡಿ. ಹಳೆಯ ಬಲ್ಬಿಗೆಂದು ಮಾಡಿದ ಚಕ್ರಕ್ಕೆ ಎಷ್ಟೋ ಎಲ್‌ಇಡಿಗಳು ಬಗ್ಗುವುದಿಲ್ಲ. ಆಮೇಲೆ ಒಂದು ರಾತ್ರಿ ಬೀದಿದೀಪವಿಲ್ಲದ ಕಡೆ ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಹೆಡ್‌ಲೈಟ್ ಉರಿಯುತ್ತಿರಲಿ, ಮೀಟರಿನ ಮೇಲೆ ಒಂದು ಟವೆಲ್ ಹೊದಿಸಿ. ಎದುರಿನ ಪೊದೆಗಳು ಮೊದಲಿಗಿಂತ ಸ್ಪಷ್ಟವಾದರೆ ಬೆಳಕು ಇನ್ನೂ ಹೆಚ್ಚಿದೆ, ತಗ್ಗಿಸಿ. ಅಂದಹಾಗೆ, ಹಳೆಯ ಬಲ್ಬುಗಳನ್ನು ಎಸೆಯದೆ ಇಟ್ಟುಕೊಂಡಿರಿ.